ಕೇಳಿ, ಹೇಳುತ್ತೇನೆ: ಜ್ಯೂಸು, ಕಷಾಯ ಮತ್ತು ಗುರುವಾರದ ಒಪ್ಪತ್ತು

ಪ್ರಶ್ನೆ: ಮೇಡಂ, ನನಗೆ 54 ವರ್ಷ. ಆರು ವರ್ಷದಿಂದ ಶುಗರ್ ಇದೆ. ತಿಂಡಿಗೆ ಮುಂಚೆ ಗ್ಲಿಮೆಪಿರೈಡ್, ಎರಡು ಹೊತ್ತು ಮೆಟ್‌ಫಾರ್ಮಿನ್, ರಾತ್ರಿ ಬಿ.ಪಿ. ಮಾತ್ರೆ. ಎರಡು ತಿಂಗಳಿಂದ ಲಾಲ್‌ಬಾಗಿಗೆ ವಾಕಿಂಗ್ ಹೋಗಿ, ಗೇಟಿನ ಹತ್ತಿರ ಹಾಗಲಕಾಯಿ ಜ್ಯೂಸು ಕುಡಿದು ಬರುತ್ತೇನೆ. ಪಕ್ಕದ ಮನೆಯವರು ಮಧುನಾಶಿನಿ ಪುಡಿ ಕೊಟ್ಟಿದ್ದಾರೆ. ಕುಂಡದಲ್ಲಿ ಇನ್ಸುಲಿನ್ ಗಿಡ ಇದೆ, ದಿನಾ ಎರಡು ಎಲೆ ತಿನ್ನುತ್ತೇನೆ. ಹೋದ ವಾರ ವಾಕಿಂಗ್ ಮುಗಿಸಿದ ಮೇಲೆ ಕೈಕಾಲು ನಡುಗಿ, ಮೈಯೆಲ್ಲ ಬೆವರಿ, ಯಾರೋ ಆಟೋ ಹತ್ತಿಸಿ ಮನೆಗೆ ಕಳಿಸಿದರು. ಗಿಡಮೂಲಿಕೆ ಎಲ್ಲಾ ಬಿಟ್ಟುಬಿಡು ಅಂತ ಮಗಳು ಬೈಯುತ್ತಾಳೆ. ನನಗೆ ಇಂಗ್ಲಿಷ್ ಮಾತ್ರೆಯನ್ನೇ ಬಿಡುವ ಆಸೆ. ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ ಅಲ್ವಾ? ಅವತ್ತು ಗುರುವಾರ, ರಾಯರ ಒಪ್ಪತ್ತು, ಬೆಳಿಗ್ಗೆ ಏನೂ ತಿಂದಿರಲಿಲ್ಲ.
— ಓದುಗರು, ಜಯನಗರ

ಉತ್ತರ: ಅಮ್ಮ, ನಿಮ್ಮ ಪತ್ರದಲ್ಲಿ ನನಗೆ ಬೇಕಾಗಿದ್ದ ಸಾಲು ಕೊನೆಯಲ್ಲಿತ್ತು. ಅವತ್ತು ಗುರುವಾರ.

ಗ್ಲಿಮೆಪಿರೈಡ್ ಅನ್ನುವುದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಹೊಟ್ಟೆಗೆ ತಿಂಡಿ ಬಿತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ, ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ. ಅದರ ಮೇಲೆ ಶುಗರ್ ಇಳಿಸಬಲ್ಲ ಹಾಗಲಕಾಯಿ, ಮಧುನಾಶಿನಿ, ಅದರ ಮೇಲೆ ಒಂದು ಗಂಟೆ ನಡಿಗೆ, ಎಲ್ಲದರ ಕೆಳಗೆ ಖಾಲಿ ಹೊಟ್ಟೆ. ನಿಮಗೆ ಆಗಿದ್ದು ಬಹುಮಟ್ಟಿಗೆ ಲೋ ಶುಗರ್. 70ಕ್ಕಿಂತ ಕೆಳಗೆ ಹೋದರೆ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು ಶುರುವಾಗುತ್ತದೆ, ಇನ್ನೂ ಇಳಿದರೆ ಪ್ರಜ್ಞೆಯೇ ತಪ್ಪಬಹುದು. ನಾಳೆಯಿಂದ ವಾಕಿಂಗಿಗೆ ಹೋಗುವಾಗ ಪರ್ಸಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ನಡುಕ ಬಂದ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಕೂತುಕೊಳ್ಳಿ, ಕಡಿಮೆಯಾಗದಿದ್ದರೆ ಇನ್ನೊಮ್ಮೆ, ಆಮೇಲೆ ಏನಾದರೂ ತಿನ್ನಿ. ಒಪ್ಪತ್ತಿನ ದಿನ ಆ ಮಾತ್ರೆಯನ್ನು ಏನು ಮಾಡಬೇಕು ಅಂತ ಅದನ್ನು ಬರೆದುಕೊಟ್ಟ ಡಾಕ್ಟರನ್ನೇ ಈ ವಾರ ಕೇಳಿ. ಅಲ್ಲಿವರೆಗೆ ಜ್ಯೂಸು, ಪುಡಿ, ಎಲೆ ಮೂರೂ ನಿಲ್ಲಲಿ, ಒಪ್ಪತ್ತೂ ಬೇಡ. ರಾಯರು ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಸೈಡ್ ಎಫೆಕ್ಟ್ ವಿಷಯ. ಮಧುನಾಶಿನಿಯ ಹಸಿ ಎಲೆ ಒಂದನ್ನು ಚೆನ್ನಾಗಿ ಅಗಿದು, ಆಮೇಲೆ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ಅಗಿದ ಹಾಗಿರುತ್ತದೆ. ಸಿಹಿಯೇ ಗೊತ್ತಾಗುವುದಿಲ್ಲ. ನನ್ನ ಹತ್ತಿರ ಆಯುರ್ವೇದ ಕಲಿಯಲು ಬರುವ ಹುಡುಗರಿಗೆ ಮೊದಲ ದಿನ ಇದನ್ನೇ ಮಾಡಿಸುತ್ತೇನೆ, ಎಲ್ಲರೂ ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ನಾಲಿಗೆಯ ಮೇಲೆ ಅಷ್ಟು ಕೆಲಸ ಮಾಡುವ ಎಲೆ ಹೊಟ್ಟೆಗೆ ಹೋಗಿ ಸುಮ್ನೆ ಕೂರುತ್ತದಾ? ಕೆಲಸ ಮಾಡುವ ಯಾವ ಮದ್ದಿಗೂ ಅಡ್ಡ ಪರಿಣಾಮ ಇದ್ದೇ ಇರುತ್ತದೆ. ಇಂಗ್ಲಿಷ್ ಮಾತ್ರೆ ಅಂತ ನೀವು ದೂರುತ್ತಿರುವ ಮೆಟ್‌ಫಾರ್ಮಿನ್‌ನ ಹಿಂದೆ ಇರುವುದೂ ಯೂರೋಪಿನ ಗಲೀಗಾ ಎಂಬ ಗಿಡವೇ. ಇನ್ನು ಇನ್ಸುಲಿನ್ ಗಿಡ. ಹೆಸರು ನೋಡಿ ಮೋಸ ಹೋಗಬೇಡಿ. ಇನ್ಸುಲಿನ್ ಹೊಟ್ಟೆಗೆ ಹೋದರೆ ಬೇಳೆಯ ಹಾಗೆ ಜೀರ್ಣವಾಗಿ ಹೋಗುತ್ತದೆ, ಅದಕ್ಕೇ ಅದನ್ನು ಚುಚ್ಚಿಕೊಳ್ಳುವುದು.

ಇದನ್ನೆಲ್ಲ ನಾನು ದೊಡ್ಡ ಜಾಣೆ ಅಂತ ಹೇಳುತ್ತಿಲ್ಲ. ಸುಮಾರು ಹದಿನೈದು ವರ್ಷದ ಹಿಂದೆ ಒಬ್ಬ ಯಜಮಾನರು ಒಣಕೆಮ್ಮು ಅಂತ ಬಂದರು. ಅವತ್ತು ಕ್ಲಿನಿಕ್ ತುಂಬಿತ್ತು. ಗಂಟಲು ನೋಡಿದೆ, ಅತಿಮಧುರ ಜಾಸ್ತಿ ಇರುವ ಕಷಾಯ ಬರೆದೆ, ಕಳಿಸಿದೆ. ರುಚಿ ಚೆನ್ನಾಗಿದೆ ಅಂತ ಅವರು ಎರಡು ತಿಂಗಳು ಕುಡಿದರಂತೆ. ತಿರುಗಿ ಬಂದಾಗ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ, ಬಿ.ಪಿ. 180 ದಾಟಿತ್ತು. ಅತಿಮಧುರ ತುಂಬಾ ದಿನ ಕುಡಿದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಷಿಯಂ ಇಳಿಯುತ್ತದೆ. ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಬಿ.ಪಿ. ಇದೆಯಾ ಅಂತ ಕೇಳಲಿಲ್ಲ, ಅಷ್ಟೆ. ಇನ್ನೂ ತಮಾಷೆ ಅಂದರೆ ಅವರು ನುಂಗುತ್ತಿದ್ದದ್ದು ರಾಮಿಪ್ರಿಲ್ ಅನ್ನುವ ಬಿ.ಪಿ. ಮಾತ್ರೆ. ಕೆಲವರಿಗೆ ಆ ಮಾತ್ರೆಯಿಂದಲೇ ಒಣಕೆಮ್ಮು ಬರುತ್ತದೆ! ಅವರ ಡಾಕ್ಟರು ಬಿ.ಪಿ. ಮಾತ್ರೆ ಬದಲಿಸಿದರು, ನಾನು ಕಷಾಯ ನಿಲ್ಲಿಸಿದೆ, ಕೆಲವು ವಾರದಲ್ಲಿ ಕೆಮ್ಮು ಹೋಯಿತು. ಗಂಟಲು ನೋಡಿ ಮನುಷ್ಯನನ್ನು ನೋಡದೆ ಬಿಟ್ಟಿದ್ದೆ.

ಅಂದಿನಿಂದ ನನ್ನಲ್ಲಿ ಕವರ್ ನಿಯಮ. ಮೊದಲ ಸಲ ಬರುವಾಗ ಮನೆಯಲ್ಲಿರುವ ಮಾತ್ರೆ, ಪುಡಿ, ಎಣ್ಣೆ, ಲೇಹ್ಯ ಎಲ್ಲವನ್ನೂ ಒಂದು ಕವರಿಗೆ ತುಂಬಿಕೊಂಡು ತರಬೇಕು. ಮೇಜಿನ ಮೇಲೆ ಸುರಿಯುತ್ತೇನೆ. ಹೆಸರಿರುವ ಕಡೆಯೇ ಕತ್ತರಿ ಹಾಕಿದ ಮಾತ್ರೆ ಪಟ್ಟಿ, ಗ್ರಂಥಿಗೆ ಅಂಗಡಿಯಿಂದ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ ಬೇರು, ಊರಿನ ಪಂಡಿತರು ಕೊಟ್ಟ ಹೆಸರಿಲ್ಲದ ಕಪ್ಪು ಗುಳಿಗೆ, ಭಾವಮೈದುನ ಅಮೆರಿಕದಿಂದ ತಂದ ವಿಟಮಿನ್ ಡಬ್ಬಿ. ಅರ್ಧ ಕಾಯಿಲೆ ಅಲ್ಲೇ ಕಾಣಿಸುತ್ತದೆ.

ನಿಮ್ಮ ವಿಷಯದಲ್ಲಿ ಕವರಿನಾಚೆಗೂ ನನಗೆ ಕೇಳುವುದಿದೆ. ರಾತ್ರಿ ಎಷ್ಟು ಹೊತ್ತಿಗೆ ಊಟ, ಎಷ್ಟು ಹೊತ್ತಿಗೆ ನಿದ್ದೆ? ಮಗಳಿಗೆ ನೈಟ್ ಶಿಫ್ಟ್ ಇದ್ದರೆ ಅವಳಿಗೆ ಸಾರು ಬಿಸಿ ಮಾಡಿಕೊಡಲು ನೀವೂ ಹನ್ನೆರಡರವರೆಗೆ ಎದ್ದಿರುತ್ತೀರಾ? ಅನ್ನ ಎಷ್ಟು, ಸೊಪ್ಪು, ಕಾಳು ಎಷ್ಟು? ಬೇಸರವಾದಾಗ ಯಾರ ಹತ್ತಿರ ಮಾತಾಡುತ್ತೀರಿ? ಇದು ಸುಮ್ನೆ ಹರಟೆ ಅಲ್ಲ. ನಮ್ಮ ಶಾಸ್ತ್ರದಲ್ಲಿ ರೋಗಿಯನ್ನು ಹತ್ತು ಬಗೆಯಲ್ಲಿ ನೋಡು ಅಂತ ಹೇಳಿದೆ. ವಯಸ್ಸು, ಒಗ್ಗಿದ ಊಟ, ಎಷ್ಟು ಅರಗಿಸಿಕೊಳ್ಳಬಲ್ಲ, ಎಷ್ಟು ದುಡಿಯಬಲ್ಲ, ಮನಸ್ಸಿನ ಗಟ್ಟಿತನ ಎಷ್ಟು, ಹೀಗೆ. ಮದ್ದು ಬರುವುದು ಅದಾದ ಮೇಲೆ. ನಿದ್ದೆ ಕೆಟ್ಟರೆ ಶುಗರ್ ಏರುತ್ತದೆ ಅಂತ ಈಗಿನ ವಿಜ್ಞಾನವೂ ಹೇಳುತ್ತದೆ, ಅಲ್ಲಿ ಜಗಳವಿಲ್ಲ. ಮಾತ್ರೆ ಕಡಿಮೆ ಮಾಡುವ ಆಸೆ ತಪ್ಪಲ್ಲ, ನಿಮ್ಮ ಹಾಗೆ ದಿನಾ ನಡೆಯುವವರಿಗೆ ಅದು ಆಗಬಹುದು ಕೂಡ. ಆದರೆ ಅದನ್ನು ನಿರ್ಧರಿಸಬೇಕಾದ್ದು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಿಪೋರ್ಟ್ ನೋಡಿದ ಡಾಕ್ಟರು, ಪಕ್ಕದ ಮನೆಯವರಲ್ಲ.

ಜ್ಯೂಸಿನ ಗಾಡಿ ಬಗ್ಗೆ ಇನ್ನೊಂದು ಮಾತು. ಸೋರೆಕಾಯಿ ಜ್ಯೂಸು ಎಂದಾದರೂ ಕಹಿ ಅನ್ನಿಸಿದರೆ ಆ ಗುಟುಕನ್ನು ಅಲ್ಲೇ ಉಗಿಯಿರಿ. ಕಹಿ ಸೋರೆಕಾಯಿ ವಿಷ. ಕುಡಿದು ರಕ್ತ ವಾಂತಿಯಾಗಿ ಜೀವ ಹೋದವರಿದ್ದಾರೆ. ಕಹಿಯಾದಷ್ಟೂ ಮೈಗೆ ಒಳ್ಳೆಯದು ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ವಯಸ್ಸು 29, ಐಟಿ ಕೆಲಸ, ಪಿಜಿಯಲ್ಲಿ ಇದ್ದೇನೆ. ಕೂದಲು ಉದುರುತ್ತಿದೆ, ಆಸಿಡಿಟಿ, ರಾತ್ರಿ ಎರಡಾದರೂ ನಿದ್ದೆ ಇಲ್ಲ. ಆನ್‌ಲೈನ್ ಕ್ವಿಜ್‌ನಲ್ಲಿ ಪಿತ್ತ ಪ್ರಕೃತಿ ಅಂತ ಬಂತು. ಅವರೇ ಹೇಳಿದ ಅಶ್ವಗಂಧ, ತ್ರಿಫಲ, ಇನ್ನೊಂದು ಭಸ್ಮ ಸೇರಿ 4,800 ರೂಪಾಯಿಗೆ ತರಿಸಿದೆ. ಎಷ್ಟು ದಿನ ತಗೋಬೇಕು?
— ಓದುಗರು, ಎಚ್‌ಎಸ್‌ಆರ್ ಲೇಔಟ್

ಉತ್ತರ: ಮಾರುವವನೇ ಪರೀಕ್ಷೆ ಇಟ್ಟರೆ ರಿಸಲ್ಟ್ ಏನು ಬರುತ್ತದೆ ಹೇಳಿ! ನಾಡಿ, ನಾಲಿಗೆ, ಕಣ್ಣು, ಮಲಮೂತ್ರ, ದನಿ ಎಲ್ಲ ಗಮನಿಸಿದರೂ ಒಂದೇ ಭೇಟಿಯಲ್ಲಿ ಪ್ರಕೃತಿ ಖಚಿತವಾಗಿ ಹೇಳಲು ನಾನು ಹಿಂದೆಮುಂದೆ ನೋಡುತ್ತೇನೆ. ಹತ್ತು ಪ್ರಶ್ನೆಗೆ ಟಿಕ್ ಹಾಕಿದರೆ ಆಗುವ ಕೆಲಸವಲ್ಲ ಅದು.

ಭಸ್ಮ ಮುಟ್ಟಲೇಬೇಡಿ, ಹೆಚ್ಚಾಗಿ ಲೋಹ, ಖನಿಜ ಸುಟ್ಟು ಮಾಡುವ ಪುಡಿ ಅದು. 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್‌ನೆಟ್ಟಿನಲ್ಲಿ ಮಾರುತ್ತಿದ್ದ 193 ಆಯುರ್ವೇದ ಔಷಧಿಗಳನ್ನು ತರಿಸಿ ಪರೀಕ್ಷೆ ಮಾಡಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಆಯುರ್ವೇದ ಓದಿದವಳಾಗಿ ಇದನ್ನು ಬರೆಯಲು ಹಿತವೇನಲ್ಲ. ಅಶ್ವಗಂಧ ನಿದ್ದೆಗೆ ಕೆಲವರಿಗೆ ಸಹಾಯ ಮಾಡುತ್ತದೆ, ನಿಜ. ಆದರೆ ಅದು ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ಅಪರೂಪಕ್ಕೆ ಲಿವರಿಗೂ ಪೆಟ್ಟು ಕೊಟ್ಟಿದೆ. ನಿಮಗೆ ಕೂದಲು ಉದುರುತ್ತಿದೆ, ನಿದ್ದೆ ಇಲ್ಲ. ಥೈರಾಯ್ಡ್ ಜಾಸ್ತಿಯಾದರೂ ಇವೇ ಲಕ್ಷಣ. ಹಾಗಾಗಿ ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿ. ದಿನಕ್ಕೆ ಎಷ್ಟು ಕಾಫಿ ಅಂತ ನೀವು ಬರೆದಿಲ್ಲ, ಆರಕ್ಕೆ ಕಡಿಮೆ ಇರಲಾರದು ಅಂತ ನನ್ನ ಊಹೆ. ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ, ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತರಿಸುವುದೂ ಬೇಡ, ಪಿಜಿ ಊಟ ಸೇರದಿದ್ದರೆ ಹತ್ತಿರದ ದರ್ಶಿನಿಯಲ್ಲಿ ಎಂಟು ಗಂಟೆಗೆ ಎರಡು ಇಡ್ಲಿ ತಿಂದರೂ ಸಾಕು. ಇದನ್ನು ಮೂರು ವಾರ ಮಾಡಿ, ಆಮೇಲೆ ಬರೆಯಿರಿ. ತ್ರಿಫಲ ಅಲ್ಲಿವರೆಗೆ ಡಬ್ಬಿಯಲ್ಲೇ ಇರಲಿ, ಹಾಳಾಗುವುದಿಲ್ಲ.

ಪ್ರಶ್ನೆ: ಕೋವಿಡ್ ಬಂದಾಗಿನಿಂದ ದಿನಾ ಅಮೃತಬಳ್ಳಿ ಕಷಾಯ ಕುಡಿಯುತ್ತೇನೆ. ಮುಂದುವರಿಸಲೇ?
— ಓದುಗರು, ಯಲಹಂಕ

ಉತ್ತರ: ಬೇಡ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ತೆಗೆದುಕೊಂಡ ಕೆಲವರಲ್ಲಿ ಲಿವರ್ ಹಾನಿ ಕಂಡಿದ್ದಾಗಿ ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇದ್ದಿರಬಹುದು ಅಂದಿತು. ವಾದ ಏನೇ ಇರಲಿ, ಕಾಯಿಲೆಯೇ ಇಲ್ಲದೆ ವರ್ಷಗಟ್ಟಲೆ ಔಷಧಿ ಕುಡಿಯುವುದು ಬೇಡ. ಒಮ್ಮೆ ಲಿವರ್ ಟೆಸ್ಟ್ ಮಾಡಿಸಿಕೊಳ್ಳಿ. ಕಣ್ಣು ಹಳದಿಯಾದರೆ ಕಾಯಬೇಡಿ.

ಪ್ರಶ್ನೆ: ಮೊಮ್ಮಗಳು ಎಸ್ಸೆಸ್ಸೆಲ್ಸಿ. ನೆನಪಿನ ಶಕ್ತಿಗೆ ಬ್ರಾಹ್ಮಿ ಕೊಡಬೇಕು ಅಂತಿದ್ದೇನೆ. ಒಂದೆಲಗವೇ ಬ್ರಾಹ್ಮಿಯಾ?
— ಓದುಗರು, ಮಲ್ಲೇಶ್ವರ

ಉತ್ತರ: ನಮ್ಮ ಕಡೆ ಬಹಳ ಜನ ಬ್ರಾಹ್ಮಿ ಅನ್ನುವುದು ಒಂದೆಲಗಕ್ಕೇ, ತುಳುವಿನ ತಿಮರೆ ಅದು. ಆಯುರ್ವೇದದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವ ಬ್ರಾಹ್ಮಿ ಬೇರೆ, ಚಿಕ್ಕ ದಪ್ಪ ಎಲೆಯ ನೀರು ಬ್ರಾಹ್ಮಿ. ಎರಡನ್ನೂ ಬುದ್ಧಿಗೆ ಒಳ್ಳೆಯದು ಅನ್ನುತ್ತಾರೆ, ಆದರೆ ಪರೀಕ್ಷೆಗೆ ಒಂದು ತಿಂಗಳಿದ್ದಾಗ ಶುರು ಮಾಡಿ ಮಾರ್ಕ್ಸ್ ನಿರೀಕ್ಷಿಸಬೇಡಿ. ಹುಡುಗಿಗೆ ಎಂಟು ಗಂಟೆ ನಿದ್ದೆ ಸಿಗುತ್ತಿದೆಯಾ ನೋಡಿ, ಓದಿದ್ದು ತಲೆಯಲ್ಲಿ ಕೂರುವುದು ನಿದ್ದೆಯಲ್ಲೇ.

ಮಾತ್ರೆ, ಸಿರಪ್ಪು ಬೇಡ, ತಂಬುಳಿ ಮಾಡಿ ಬಡಿಸಿ. ಒಂದು ಹಿಡಿ ಒಂದೆಲಗ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಿರಿ. ಈ ಗಿಡಕ್ಕೆ ತೇವ ಇಷ್ಟ, ಮಾರಲು ತರುವವರು ಯಾವ ಚರಂಡಿ ಪಕ್ಕದಿಂದ ಕಿತ್ತರೋ ಗೊತ್ತಾಗುವುದಿಲ್ಲ. ಕುಂಡದಲ್ಲಿ ಹಾಕಿಕೊಂಡರೆ ಇನ್ನೂ ಒಳ್ಳೆಯದು, ಬಚ್ಚಲ ಕಿಟಕಿಯ ಹತ್ತಿರದ ಅರೆನೆರಳಿನಲ್ಲೂ ಬರುತ್ತದೆ. ಮಜ್ಜಿಗೆ ಮಾತ್ರ ಹುಳಿ ಬಂದದ್ದು ಬೇಡ, ಮಕ್ಕಳು ಒಂದು ತುತ್ತಿಗೇ ತಟ್ಟೆ ಸರಿಸುತ್ತಾರೆ.