ಲೆಕ್ಕ ಅಂದರೆ ಅಳುವ ಮಗಳಿಗೆ ಹೇಗೆ ಹೇಳಿಕೊಡಲಿ?

ಮಗಳು ಆರನೇ ಕ್ಲಾಸು, ಲೆಕ್ಕದ ಪುಸ್ತಕ ತೆಗೆದರೆ ಅಳು, "ನನಗೆ ಬರಲ್ಲ" ಅಂತ ಕೂತುಬಿಡುತ್ತಾಳೆ, "ನೀನು ಜಾಣೆ, ನಿನ್ನ ಕೈಲಾಗುತ್ತೆ" ಅಂತ ಎಷ್ಟು ಹೇಳಿದರೂ ಪ್ರಯೋಜನ ಇಲ್ಲ, ಅಬ್ಯಾಕಸ್ (ಮಣಿ ಚೌಕಟ್ಟಿನ ಲೆಕ್ಕ) ಕ್ಲಾಸಿಗೆ ಸೇರಿಸಲಾ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಮನೆಯಲ್ಲೇ ಲೆಕ್ಕದ ಟ್ಯೂಷನ್ ಮಾಡುತ್ತೇನೆ. ನಿಮ್ಮ ಮಗಳಂಥವರು ಪ್ರತಿ ವರ್ಷ ಬರುತ್ತಾರೆ.

ಮೊದಲು ಆ "ಜಾಣೆ" ಅನ್ನುವುದನ್ನು ನಿಲ್ಲಿಸಿ. ಬೈಯುವುದಕ್ಕಿಂತ ವಾಸಿ, ನಿಜ. ಆದರೆ ಅದರಿಂದ ಧೈರ್ಯ ಬರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಶೋಧಕರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ಕ್ಲಾಸಿನ ಮಕ್ಕಳ ಜೊತೆ ನಡೆಸಿದ ಪ್ರಯೋಗಗಳು 1998ರಲ್ಲಿ ಪ್ರಕಟವಾದವು. ಒಗಟಿನಂಥ ಪ್ರಶ್ನೆ ಬಿಡಿಸಿದ ಮೇಲೆ ಕೆಲವರಿಗೆ "ಬುದ್ಧಿವಂತ" ಅಂದರು, ಇನ್ನು ಕೆಲವರಿಗೆ "ಚೆನ್ನಾಗಿ ಕಷ್ಟಪಟ್ಟೆ" ಅಂದರು. ಆಮೇಲೆ ಬೇಕಂತಲೇ ಕಷ್ಟದ ಪ್ರಶ್ನೆ ಕೊಟ್ಟರು, ಮಕ್ಕಳು ಎಡವಿದರು. ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟಾಗ, ಬುದ್ಧಿವಂತ ಅನ್ನಿಸಿಕೊಂಡವರು ತಾವೇ ಮೊದಲು ಮಾಡಿದ್ದಕ್ಕಿಂತ ಕಮ್ಮಿ ಮಾಡಿದರು. ಸಹಜ ಅಲ್ವಾ? ಜಾಣೆ ಅನ್ನಿಸಿಕೊಂಡವಳಿಗೆ ಒಂದು ತಪ್ಪಾದರೂ ಆ ಹೆಸರೇ ಹೋಯಿತಲ್ಲ ಅನ್ನಿಸುತ್ತದೆ.

ನಾನು ನೋಡಿದ ಮಟ್ಟಿಗೆ ಧೈರ್ಯ ಬರುವುದು ಒಂದೇ ಕಡೆಯಿಂದ. ಉತ್ತರ ಸರಿಯೋ ತಪ್ಪೋ ಅಂತ ನಿಮ್ಮ ಮುಖ ನೋಡದೆ ಅವಳೇ ಹೇಳುವ ಹಾಗಾಗಬೇಕು.

402ರಲ್ಲಿ 178 ಕಳೆ ಅಂತ ಕೊಟ್ಟು ನೋಡಿ. 376 ಅಂತ ಬರೆಯುವ ಮಕ್ಕಳು ತುಂಬಾ ಜನ. ಇದು ಸುಮ್ನೆ ಬಾಯಿಗೆ ಬಂದ ಉತ್ತರ ಅಲ್ಲ. 2ರಲ್ಲಿ 8 ಹೋಗಲ್ಲ, ಹಾಗಾಗಿ 8ರಲ್ಲೇ 2 ಕಳೆದಿದ್ದಾರೆ, 7ರಲ್ಲಿ 0 ಕಳೆದಿದ್ದಾರೆ, ಅಂದರೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ತೆಗೆದಿದ್ದಾರೆ. ಅದರಲ್ಲಿ ಒಂದು ನಿಯಮ ಇದೆ, ನಿಯಮ ತಪ್ಪು ಅಷ್ಟೆ. ಕೆಂಪು ಇಂಕಿನಲ್ಲಿ ಗೀಟು ಎಳೆದರೆ ಮಗುವಿಗೆ "ನನಗೆ ಬರಲ್ಲ" ಅನ್ನುವುದೊಂದೇ ತಿಳಿಯುತ್ತದೆ. ಅದರ ಬದಲು "ಇದು ಹೇಗೆ ಬಂತು ಹೇಳು" ಅನ್ನಿ. ಅವಳು ಪೂರ್ತಿ ಹೇಳಿ ಮುಗಿಸುವವರೆಗೆ ಮಧ್ಯೆ ಬಾಯಿ ಹಾಕಬೇಡಿ (ಇದೇ ಎಲ್ಲಕ್ಕಿಂತ ಕಷ್ಟ, ಅಪ್ಪ ಅಮ್ಮಂದಿರಿಗಂತೂ ಇನ್ನೂ ಕಷ್ಟ). ಆಮೇಲೆ ಕೇಳಿ: ನಾನೂರು ರೂಪಾಯಿ ಇತ್ತು, ಹತ್ತಿರ ಹತ್ತಿರ ಇನ್ನೂರು ಖರ್ಚಾಯಿತು, 376 ಉಳಿಯುತ್ತಾ? ಬಹಳಷ್ಟು ಮಕ್ಕಳು ಇಲ್ಲೇ ನಕ್ಕುಬಿಡುತ್ತಾರೆ. ತಪ್ಪು ಕಂಡುಹಿಡಿದದ್ದು ನೀವಲ್ಲ, ಅವಳು. ಈಗ ನೂರರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಮುಂದಿಟ್ಟು 178 ಕೊಡು ಅನ್ನಿ. ಒಂದು ನೂರನ್ನು ಹತ್ತರ ಹತ್ತು ನೋಟು ಮಾಡಿಸಬೇಕು, ಅದರಲ್ಲಿ ಒಂದನ್ನು ಮತ್ತೆ ಒಂದೊಂದು ರೂಪಾಯಿ ಚಿಲ್ಲರೆ ಮಾಡಿಸಬೇಕು. ದಶಕ ತೆಗೆದುಕೊಳ್ಳುವುದು ಅಂದರೆ ಇದೇ. 224 ಉಳಿಯಿತು. 224ಕ್ಕೆ 178 ಕೂಡಿ 402 ಬಂತು ಅಂತ ಅವಳೇ ಸರಿ ನೋಡಲಿ, ನೀವು "ಸರಿ" ಅನ್ನಬೇಡಿ.

ಭಿನ್ನರಾಶಿಯಲ್ಲೂ ಹಾಗೇ. 1/2ಕ್ಕೆ 1/3 ಕೂಡಿದರೆ 2/5 ಅಂತ ಬರೆಯುತ್ತಾರೆ. ಐದರಲ್ಲಿ ಅರ್ಧ ಎಷ್ಟು? ಎರಡೂವರೆ. ಹಾಗಾದರೆ 2/5 ಅರ್ಧಕ್ಕಿಂತ ಕಮ್ಮಿ. ಅರ್ಧಕ್ಕೆ ಇನ್ನೊಂದಷ್ಟು ಸೇರಿಸಿದರೆ ಕಮ್ಮಿ ಆಗುತ್ತಾ? ಇಷ್ಟು ಕೇಳಿ ಸುಮ್ಮನಿರಿ. ಹೋಳಿಗೆ, ಚಪಾತಿ ಉದಾಹರಣೆ ಎಲ್ಲರೂ ಕೊಡುತ್ತಾರೆ, ಆದರೆ ದುಂಡಗಿರುವುದನ್ನು ಮೂರು ಸಮಪಾಲು ಮಾಡುವುದು ದೊಡ್ಡವರಿಗೇ ಆಗಲ್ಲ. ಉದ್ದನೆಯ ಕಾಗದದ ಪಟ್ಟಿ ಒಳ್ಳೆಯದು. ಆರು ಭಾಗವಾಗಿ ಮಡಿಸಿದರೆ ಅರ್ಧ ಅಂದರೆ ಮೂರು ಭಾಗ, ಮೂರನೇ ಒಂದು ಅಂದರೆ ಎರಡು ಭಾಗ, ಒಟ್ಟು 5/6 ಕಣ್ಣಿಗೇ ಕಾಣುತ್ತದೆ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಇಂಗ್ಲಿಷಿನ LCM) ಆಮೇಲೆ ಬರಲಿ.

ಮಗ್ಗಿ ಬಾಯಿಪಾಠ ಬೇಡ ಅನ್ನುವವನಲ್ಲ ನಾನು. ಆದರೆ ಎದುರಿಗೆ ನಿಲ್ಲಿಸಿಕೊಂಡು ಕೇಳಬೇಡಿ, ಗಡಿಯಾರ ಇಡಬೇಡಿ. ಹೆದರಿಕೆ ಇದ್ದಾಗ ಅಂಕಿಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಕುಗ್ಗುತ್ತದೆ ಅಂತ ಮನಶ್ಶಾಸ್ತ್ರ ಸಂಶೋಧಕರಾದ ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕಿರ್ಕ್ 2001ರಲ್ಲೇ ತೋರಿಸಿದ್ದಾರೆ. ಏಳೆಂಟ್ಲಿ ಮರೆತರೆ ಐದೆಂಟ್ಲಿ ನಲವತ್ತು, ಎರಡೆಂಟ್ಲಿ ಹದಿನಾರು, ಕೂಡಿದರೆ ಐವತ್ತಾರು. ಮರೆತರೂ ದಾರಿ ಇದೆ ಅಂತ ಗೊತ್ತಾದರೆ ಅರ್ಧ ಭಯ ಹೋಯಿತು.

ಅದಕ್ಕೇ ಅಬ್ಯಾಕಸ್ ಈಗ ಬೇಡ. ನಾನು ನೋಡಿದ ಕ್ಲಾಸುಗಳಲ್ಲಿ ಜಾಸ್ತಿ ಒತ್ತು ಇರುವುದು ವೇಗಕ್ಕೆ. ಇವಳ ತೊಂದರೆ ವೇಗದ್ದಲ್ಲ.

ಇನ್ನೊಂದು ವಿಷಯ, ಈ ವರ್ಷವೇ ಕನ್ನಡ ಮೀಡಿಯಂನಿಂದ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೀರಾ? ಹಾಗಿದ್ದರೆ ಲೆಕ್ಕ ಬಿಡಿಸುವ ಮುಂಚೆ ಪ್ರಶ್ನೆ ಏನು ಕೇಳಿದೆ ಅಂತ ಕನ್ನಡದಲ್ಲಿ ಹೇಳಿಸಿ. ಎಷ್ಟೋ ಸಲ ಲೆಕ್ಕ ಬರುತ್ತದೆ, ವಾಕ್ಯ ಅರ್ಥವಾಗಿರುವುದಿಲ್ಲ. "ನನಗೂ ಲೆಕ್ಕ ಬರುತ್ತಿರಲಿಲ್ಲ ಬಿಡು" ಅನ್ನುವ ಸಮಾಧಾನವನ್ನಂತೂ ಅವಳೆದುರು ಹೇಳಲೇಬೇಡಿ. ನಮ್ಮ ಮನೆಯವರಿಗೇ ಬರಲ್ಲ ಅಂತ ಅವಳೂ ಕೈಬಿಡುತ್ತಾಳೆ.

ಆರನೇ ಕ್ಲಾಸಿನ ಪುಸ್ತಕ ಕೆಲವು ದಿನ ಮುಚ್ಚಿಡಿ. ಕಳೆಯುವ ಲೆಕ್ಕದಿಂದ ಶುರು ಮಾಡಿ, ಅದಾದ ಮೇಲೆ ಭಾಗಾಕಾರ. ಅವಳು ಮಾಡಿದ ಎರಡು ಮೂರು ತಪ್ಪು ಲೆಕ್ಕ ಹಾಗೇ ಇಲ್ಲಿ ಬರೆದು ಹಾಕಿ, ತಿದ್ದಬೇಡಿ. ಎಲ್ಲಿ ಸಿಕ್ಕಿಕೊಂಡಿದ್ದಾಳೆ ನೋಡೋಣ.