ಮಡಿಕೆಯ ಬ್ಲಾಕ್‌ಗಳಿಂದ ಹೊಲಿದ ಸೂಜಿಪುಸ್ತಕ ಸರಿಯಾಗಿ ಮುಚ್ಚಿಕೊಳ್ಳಲು ಏನು ಮಾಡಬೇಕು?

ಬಟ್ಟೆಯ ಚೌಕದ ಮೂಲೆಗಳನ್ನು ನಡುವಿಗೆ ಮಡಿಸಿ, ಮಡಿಕೆಗಳ ನಡುವೆ ಬಣ್ಣದ ತುಂಡನ್ನು ಕೂರಿಸುವ ಕೆಥೀಡ್ರಲ್ ವಿಂಡೋ ರೀತಿಯ ಎರಡು ಬ್ಲಾಕ್‌ಗಳನ್ನು (ಮಡಿಸಿದ ಚೌಕಗಳನ್ನು) ಜೋಡಿಸಿ ಸೂಜಿ ಚುಚ್ಚಿಡುವ ಪುಟ್ಟ ಪುಸ್ತಕವನ್ನು ಹೊಲಿದಿರುವುದಾಗಿಯೂ, ಮುಚ್ಚಿದರೂ ಅದು ಬಾಯಿ ತೆರೆದುಕೊಂಡೇ ಇರುವುದಾಗಿಯೂ ಬರೆದಿದ್ದೀರಿ. ಒಳಗಿನ ಹತ್ತಿಯ ಪದರವನ್ನು ತೆಗೆದರೆ ಸರಿಹೋದೀತೇ ಎಂಬುದು ನಿಮ್ಮ ಪ್ರಶ್ನೆ. ಅದನ್ನು ತೆಗೆಯಲೇಬೇಕು, ಅಸ್ತರವೂ ಬೇಡ. ಆದರೆ ಅಷ್ಟರಿಂದಲೇ ಪುಸ್ತಕ ಮುಚ್ಚಿಕೊಳ್ಳುವುದಿಲ್ಲ, ಏಕೆಂದರೆ ತೊಂದರೆಯ ಮೂಲವಿರುವುದು ಬಣ್ಣದ ತುಂಡನ್ನು ನೀವು ಇಟ್ಟಿರುವ ಜಾಗದಲ್ಲಿ.

ಮೊದಲು ಪದರಗಳ ಲೆಕ್ಕವನ್ನು ನೋಡೋಣ. 6½ ಇಂಚಿನ ಚೌಕವನ್ನು ಕತ್ತರಿಸಿ, ಸುತ್ತಲೂ ಕಾಲಿಂಚು ಒಳಗೆ ಮಡಿಸಿದರೆ 6 ಇಂಚಿನ ಚೌಕ ಉಳಿಯುತ್ತದೆ. ನಾಲ್ಕು ಮೂಲೆಗಳನ್ನೂ ನಡುವಿಗೆ ತಂದು ಮಡಿಸಿದಾಗ ಅದರ ಬದಿ ಸುಮಾರು 4¼ ಇಂಚಾಗುತ್ತದೆ. ಹೊಸ ಮೂಲೆಗಳನ್ನು ಮತ್ತೊಮ್ಮೆ ಹಾಗೆಯೇ ಮಡಿಸಿದರೆ ಸರಿಯಾಗಿ 3 ಇಂಚು. ಬದಿ ಅರ್ಧಕ್ಕಿಳಿದರೆ ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯುತ್ತದೆ, ಅಂದರೆ ಬ್ಲಾಕಿನ ಎಲ್ಲೆಡೆಯೂ ಬಟ್ಟೆ ಆಗಲೇ ನಾಲ್ಕು ಪದರವಾಗಿರುತ್ತದೆ. ಸೂಜಿಪುಸ್ತಕದ ರಟ್ಟಿಗೆ ಅಷ್ಟು ಗಟ್ಟಿತನ ಧಾರಾಳವಾಯಿತು. ಮಡಿಕೆಗಳೆಲ್ಲ ಒಂದೇ ಬದಿಗಿರುವುದರಿಂದ ಬ್ಲಾಕಿನ ಹಿಂಬದಿ ನುಣುಪಾಗಿ, ಹೊಲಿಗೆ ಕಾಣದಂತಿರುತ್ತದೆ. ಅದನ್ನೇ ಪುಸ್ತಕದ ಒಳಮೈಯಾಗಿಸಿಕೊಂಡರೆ ಅಸ್ತರದ ಪ್ರಶ್ನೆಯೇ ಏಳುವುದಿಲ್ಲ.

ಈಗ ಬಣ್ಣದ ತುಂಡಿನ ವಿಷಯ. ರೂಢಿಯ ಕ್ರಮದಲ್ಲಿ ಎರಡು ಬ್ಲಾಕ್‌ಗಳನ್ನು ಜೋಡಿಸಿದ ಮೇಲೆ, ಆ ಜೋಡಣೆಯ ಗೆರೆಯ ಮೇಲೆಯೇ ತುಂಡನ್ನಿಟ್ಟು, ಎರಡೂ ಬದಿಯ ಮಡಿಕೆಯಂಚುಗಳನ್ನು ಅದರ ಮೇಲೆ ಮಗುಚಿ ಹೊಲಿಯುತ್ತಾರೆ. ಹೊದಿಕೆಗೆ ಇದು ಚೆನ್ನ. ಪುಸ್ತಕದಲ್ಲಾದರೋ ಆ ಗೆರೆಯೇ ಬೆನ್ನು. ಮುಚ್ಚುವಾಗ ಹೊರಮೈ ಒಟ್ಟು ದಪ್ಪವನ್ನೆಲ್ಲ ಬಳಸಿಕೊಂಡು ತಿರುಗಬೇಕಾಗುತ್ತದೆ. ಅಲ್ಲಿ ತುಂಡೊಂದನ್ನು ಬಿಗಿಯಾಗಿ ಹೊಲಿದುಬಿಟ್ಟರೆ ತಿರುಗಲು ಬಟ್ಟೆಯೇ ಸಾಲದೆ, ಎರಡು ರಟ್ಟುಗಳೂ ಹೊರಕ್ಕೆ ಎಳೆದುಕೊಳ್ಳುತ್ತವೆ. ನಿಮಗಾಗಿರುವುದು ಇದೇ.

ಆದ್ದರಿಂದ ಇದೇ ಮಡಿಕೆಯ ಇನ್ನೊಂದು ಬಗೆಯಾದ ಸೀಕ್ರೆಟ್ ಗಾರ್ಡನ್ ಕ್ರಮವನ್ನು ಹಿಡಿಯಿರಿ ಎಂದು ಸೂಚಿಸುತ್ತೇನೆ. ಮೊದಲ ಮಡಿಕೆಯಾದ ಮೇಲೆ, ಎರಡನೆಯದನ್ನು ಒಮ್ಮೆ ಮಡಿಸಿ ಇಸ್ತ್ರಿ ಮಾಡಿ ಬಿಚ್ಚಿದರೆ ನಡುವೆ 3 ಇಂಚಿನ ಚೌಕದ ಗೆರೆ ಮೂಡಿರುತ್ತದೆ. ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾದ ಬಣ್ಣದ ತುಂಡನ್ನು ಆ ಗೆರೆಗಳೊಳಗೆ ಇಟ್ಟು, ಮೂಲೆಗಳನ್ನು ಮತ್ತೆ ಅದರ ಮೇಲೆ ಮಡಿಸಿ. ನಡುವೆ ಸೇರುವ ನಾಲ್ಕು ತುದಿಗಳನ್ನು ಎಲ್ಲ ಪದರಗಳಿಗೂ ಸೇರುವಂತೆ ಶಿಲುಬೆಯಾಕಾರದ ಎರಡು ಹೊಲಿಗೆಗಳಿಂದ ಬಂಧಿಸಿ. ಪ್ರತಿ ಬ್ಲಾಕಿಗೂ ತನ್ನದೇ ಹೂವು ಬರುತ್ತದೆ, ಬೆನ್ನು ಖಾಲಿ ಉಳಿಯುತ್ತದೆ.

ಹೂವು ಅರಳುವುದು ಹೇಗೆಂಬುದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಕೆಲಸದ ಸೊಗಸು ಅಲ್ಲಿದೆ. ಬ್ಲಾಕಿನ ಕರ್ಣಗಳ ಉದ್ದಕ್ಕೂ ಎರಡೆರಡು ಮಡಿಕೆಯಂಚುಗಳು ಎದುರುಬದುರಾಗಿರುತ್ತವೆ. ಇವು ಮೊದಲ ಮಡಿಕೆಯಲ್ಲಿ ಹುಟ್ಟಿದವಾದ್ದರಿಂದ ಬಟ್ಟೆಯ ನೂಲಿಗೆ ಓರೆಯಾಗಿ, ಅಂದರೆ ದರ್ಜಿಗಳು ಹೇಳುವ ಕ್ರಾಸ್‌ನಲ್ಲಿ ಇರುತ್ತವೆ, ಎಳೆದರೆ ಹಿಗ್ಗುತ್ತವೆ. ಹೊರಮೂಲೆಯಿಂದ ಕಾಲಿಂಚು ಒಳಗೆ ಎರಡೂ ಅಂಚುಗಳನ್ನು ಒಂದಕ್ಕೊಂದು ಕಟ್ಟಿ, ಆಮೇಲೆ ಒಂದು ಅಂಚಿನ ಮಧ್ಯವನ್ನು ಹೆಬ್ಬೆರಳಿನಿಂದ ಮೆಲ್ಲನೆ ಹಿಂದಕ್ಕೆ ಉರುಳಿಸಿದರೆ, ನೇರವಾಗಿದ್ದ ಅಂಚು ತಾನಾಗಿ ಕಮಾನಿನಂತೆ ಬಾಗಿ, ಕೆಳಗಿನ ಬಣ್ಣ ಎಸಳಿನ ಆಕಾರದಲ್ಲಿ ಇಣುಕುತ್ತದೆ. ಬಾಗಿದ ಅಂಚನ್ನು ಸಣ್ಣ ಹೆಮ್ಮಿಂಗ್ ಹೊಲಿಗೆಯಿಂದ ಕೂರಿಸಿ. ಸೂಜಿ ಬಣ್ಣದ ತುಂಡನ್ನು ಹಿಡಿದರೆ ಸಾಕು, ಹಿಂಬದಿಗೆ ಬರಕೂಡದು. ಪದರಗಳು ಹೆಚ್ಚಿರುವಲ್ಲಿ ಸಣ್ಣ, ಗಟ್ಟಿಮುಟ್ಟಾದ ಕ್ವಿಲ್ಟಿಂಗ್ ಸೂಜಿ ಅನುಕೂಲ. 9 ಅಥವಾ 10ನೇ ನಂಬರು ಆದೀತು. ನಂಬರು ಏರಿದಂತೆ ಸೂಜಿ ತೆಳುವಾಗುತ್ತದೆ ಎಂಬುದನ್ನು ನೆನಪಿಡಿ. ಬಟ್ಟೆ ಅಪ್ಪಟ ಹತ್ತಿಯದಾಗಿರಲಿ, ಪಾಲಿಯೆಸ್ಟರ್ ಬೆರೆತರೆ ಇಸ್ತ್ರಿಯ ಗೆರೆ ನಿಲ್ಲುವುದಿಲ್ಲ. ಗಂಜಿ ಹಾಕುವುದಾದರೆ ತೆಳುವಾಗಿ ಹಾಕಿ, ಇಲ್ಲವಾದರೆ ಅಂಚು ಬಾಗಲು ಹಟ ಮಾಡುತ್ತದೆ.

ಎರಡು ಬ್ಲಾಕ್‌ಗಳನ್ನು ಹೂವಿನ ಬದಿಗಳು ಒಂದನ್ನೊಂದು ನೋಡುವಂತೆ ಇಟ್ಟು, ಒಂದು ಅಂಚನ್ನು ಮಾತ್ರ ಒತ್ತೊತ್ತಾಗಿ ಸುತ್ತುಹೊಲಿಗೆಯಿಂದ ಸೇರಿಸಿ ತೆರೆಯಿರಿ. ಮಡಿಸಿದ ಅಂಚಿಗೆ ಅಂಚು ತಾಗುತ್ತದೆಯೇ ಹೊರತು ಹೊಲಿಗೆಗೆಂದು ಬಿಟ್ಟ ಬಟ್ಟೆ ಒಳಗೆ ಉಳಿಯುವುದಿಲ್ಲವಾದ್ದರಿಂದ, ಆ ಗೆರೆ ಕೀಲಿನಂತೆ ಸಲೀಸಾಗಿ ತಿರುಗುತ್ತದೆ. ದಾರವನ್ನು ವಿಪರೀತ ಜಗ್ಗಬೇಡಿ.

ಒಳಹಾಳೆಗಳಿಗೆ ಉಣ್ಣೆಯ ಫೆಲ್ಟ್ ಬಟ್ಟೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಕತ್ತರಿಸಿದ ಅಂಚಿನಿಂದ ಎಳೆ ಬಿಡುವುದಿಲ್ಲ, ಸೂಜಿಯನ್ನು ಹಿಡಿದೂ ಇಡುತ್ತದೆ. ಅದು ಸಿಗದಿದ್ದರೆ ಫ್ಲಾನೆಲ್ ಆದೀತು, ಆದರೆ ಅದರ ಅಂಚಿಗೆ ಹೊಲಿಗೆ ಬೇಕು. 5½ ಇಂಚು ಉದ್ದ, 2½ ಇಂಚು ಅಗಲದ ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು, ನಡುಗೆರೆಯನ್ನು ಬೆನ್ನಿನ ಗೆರೆಗೆ ಹೊಂದಿಸಿ ಬ್ಯಾಕ್ ಸ್ಟಿಚ್ ಹಾಕಿದರೆ ನಾಲ್ಕು ಹಾಳೆಗಳಾಗುತ್ತವೆ. ಇನ್ನೂ ಹೆಚ್ಚು ಸೇರಿಸಿದರೆ ಹಳೆಯ ಬಾಯಿ ತೆರೆಯುವ ಕಾಯಿಲೆ ಮರಳಿ ಬರುತ್ತದೆ. ಬೆವರಿದ ಕೈಯಲ್ಲಿ ಹಿಡಿದ ಸೂಜಿಯನ್ನು ಒರೆಸಿಯೇ ಚುಚ್ಚಿಡಿ, ತುಕ್ಕು ಹೆಚ್ಚಾಗಿ ಅಲ್ಲಿಂದಲೇ ಆರಂಭವಾಗುತ್ತದೆ.

ಪುಸ್ತಕವನ್ನು ಮುಚ್ಚಿಡಲು ಮುಂಬದಿಯ ಅಂಚಿನ ಮಧ್ಯದಲ್ಲಿ ಒಂದು ಚಪ್ಪಟೆ ಗುಂಡಿಯನ್ನೂ, ಹಿಂಬದಿಯ ಅಂಚಿನಲ್ಲಿ ಕಾಜಾ ಹೊಲಿಗೆ ಸುತ್ತಿದ ದಾರದ ಕುಣಿಕೆಯನ್ನೂ ಹೊಲಿಯಿರಿ. ಕುಣಿಕೆಯ ಅಳತೆಯನ್ನು ಖಾಲಿ ಪುಸ್ತಕದ ಮೇಲೆ ನೋಡಬೇಡಿ. ಹಾಳೆಗಳಿಗೆ ಸೂಜಿಗಳನ್ನು ಚುಚ್ಚಿಟ್ಟು, ಮುಚ್ಚಿ ಹಿಡಿದು ಅಳೆಯಿರಿ.