ಇಬ್ಬರು ಮೊಮ್ಮಕ್ಕಳಿಗೆ ಒಂದೇ ಉಡುಗೊರೆ

ದಾವಣಗೆರೆಯ ವಿದ್ಯಾನಗರದಿಂದ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗನ ಮಗಳು ಈ ಮಾರ್ಚಿಗೆ ಯು.ಕೆ.ಜಿ. ಮುಗಿಸುತ್ತಿದ್ದಾಳೆ, ಶಾಲೆಯಲ್ಲಿ ಮಕ್ಕಳಿಗೆ ಕಪ್ಪು ನಿಲುವಂಗಿ ತೊಡಿಸಿ ಸಮಾರಂಭ ನಡೆಸುತ್ತಾರೆ. ಅವಳಿಗೆ ಟ್ಯಾಬ್ ಕೊಡಿಸಬೇಕೆಂದು ಮಗ, ಬ್ಯಾಟರಿ ಕಾರು ಆಗಬಹುದೆಂದು ಸೊಸೆ ಹೇಳುತ್ತಿದ್ದಾರೆ. ಅದೇ ವಯಸ್ಸಿನ ಮಗಳ ಮಗ ಚಿತ್ರದುರ್ಗದ ಬಳಿಯ ಹಳ್ಳಿಯಲ್ಲಿ ಅಂಗನವಾಡಿ ಮುಗಿಸುತ್ತಿದ್ದಾನೆ. ಅಲ್ಲಿ ಸಮಾರಂಭವೇನೂ ಇಲ್ಲದ್ದರಿಂದ ಅವನಿಗೆ ‘ಏನಾದರೂ ಚಿಕ್ಕದು’ ಸಾಕೇ ಎಂಬುದು ಅವರ ಕೊನೆಯ ಪ್ರಶ್ನೆ. ಬೇಸಿಗೆ ರಜೆಗೆ ಇಬ್ಬರೂ ಅಜ್ಜಿಯ ಮನೆಗೇ ಬರುತ್ತಾರೆ.

ಮಾನ್ಯರೇ,

ತಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಪತ್ರದಲ್ಲಿ ನನ್ನ ಮನಸ್ಸಿಗೆ ತಾಗಿದ್ದು ಅದೇ. ದಯವಿಟ್ಟು ಹಾಗೆ ಮಾಡಬೇಡಿ. ಜೂನ್ ತಿಂಗಳಲ್ಲಿ ಇಬ್ಬರೂ ಒಂದನೇ ತರಗತಿಯ ಹೊಸ ಬಾಗಿಲಲ್ಲಿ ನಿಲ್ಲುವವರು, ಇಬ್ಬರೂ ತಮ್ಮನ್ನು ಎತ್ತಿ ಆಡಿಸಿದ ಟೀಚರನ್ನು ಬಿಟ್ಟು ಹೊರಡುವವರು. ಸಮಾರಂಭ ನಡೆಯಿತೋ ಇಲ್ಲವೋ ಎಂಬುದು ದೊಡ್ಡವರ ಲೆಕ್ಕ. ಅಜ್ಜಿಯ ಕೈಯಿಂದ ಯಾರಿಗೆ ಏನು ಬಂತು ಎಂಬುದನ್ನು ಮಾತ್ರ ಆರು ವರ್ಷದ ಮಗು ಚೆನ್ನಾಗಿ ಗಮನಿಸುತ್ತದೆ, ಬಹಳ ಕಾಲ ನೆನಪಿಟ್ಟುಕೊಳ್ಳುತ್ತದೆ. ಇಬ್ಬರೂ ಒಂದೇ ಜಗುಲಿಯ ಮೇಲೆ ರಜೆ ಕಳೆಯುವುದರಿಂದ ಇಬ್ಬರಿಗೂ ಒಂದೇ ವಸ್ತುವನ್ನು ಕೊಡಿ.

ಟ್ಯಾಬ್ ಬೇಡ. ಅದು ಮಗುವನ್ನು ಒಂದು ಮೂಲೆಯಲ್ಲಿ ಒಂಟಿಯಾಗಿ ಕೂರಿಸುತ್ತದೆ. ಕಸಿದುಕೊಳ್ಳುವ ಕಷ್ಟ ಮುಂದೆ ತಂದೆತಾಯಿಗೇ ಬರುತ್ತದೆ. ಬ್ಯಾಟರಿ ಕಾರಿನಲ್ಲಿ ವರ್ಷ ತುಂಬುವುದರೊಳಗೆ ಮಗುವಿಗೆ ಮೊಣಕಾಲು ಮಡಚಲು ಜಾಗವಿರುವುದಿಲ್ಲ. ಚೀಲ, ನೀರಿನ ಬಾಟಲಿಗಳನ್ನು ಹೆತ್ತವರು ಹೇಗೂ ಕೊಳ್ಳುತ್ತಾರೆ. ಸರ್ಕಾರಿ ಶಾಲೆಗೆ ಸೇರುವ ಮೊಮ್ಮಗನಿಗೆ ಪಠ್ಯಪುಸ್ತಕ, ಸಮವಸ್ತ್ರಗಳು ಅಲ್ಲಿಯೇ ಉಚಿತವಾಗಿ ದೊರೆಯುತ್ತವೆ.

ನಾನು ಸೂಚಿಸುವುದು ಅಳಗುಳಿಮಣೆಯನ್ನು. ಸಾಲಿಗೆ 7ರಂತೆ 14 ಗುಳಿಗಳಿರುವ ಈ ಮರದ ಮಣೆ ತಮಗೆ ಹೊಸದಲ್ಲ, ಬಹುಶಃ ತವರಿನಲ್ಲಿ ಆಡಿಯೂ ಇರುತ್ತೀರಿ. ಒಂದನೇ ತರಗತಿಯಲ್ಲಿ ಮಗು ಎದುರಿಸಬೇಕಾದ ಬಹುಪಾಲು ಕೆಲಸ ಈ ಆಟದೊಳಗೇ ಅಡಗಿದೆ: ಒಂದು ಗುಳಿಯ ಬೀಜಗಳನ್ನು ತೆಗೆದು ಒಂದೊಂದಾಗಿ ಹಂಚುವಾಗ ಎಣಿಕೆ ಬಾಯಿಪಾಠವಾಗಿ ಉಳಿಯದೆ ಬೆರಳಿಗೆ ಇಳಿಯುತ್ತದೆ, ಚಿಕ್ಕ ಬೀಜವನ್ನು ಹೆಬ್ಬೆರಳು, ತೋರುಬೆರಳುಗಳಲ್ಲಿ ಹಿಡಿದು ಬಿಡುವ ಅಭ್ಯಾಸದಿಂದ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳು ಪಳಗುತ್ತವೆ, ತನ್ನ ಸರದಿ ಬರುವವರೆಗೆ ಕಾಯುವುದನ್ನೂ ಸೋತಾಗ ಮಣೆಯನ್ನು ತಳ್ಳದೆ ಇರುವುದನ್ನೂ ಮಗು ಕಲಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎದುರಿಗೆ ಇನ್ನೊಬ್ಬರು ಕೂರದೆ ಈ ಆಟ ನಡೆಯುವುದಿಲ್ಲ. ಮೊದಲ ವಾರ ಆ ಇನ್ನೊಬ್ಬರು ತಾವೇ ಆಗಬೇಕು. ನನಗೆ ಈ ಆಟ ಕಲಿಸಿದ್ದು ನನ್ನ ಅಜ್ಜಿ; ಅವರು ಬೀಜ ಹಂಚುವಾಗ ಬಳೆಗಳು ಮಣೆಗೆ ತಾಗುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಹಳೆಯ ಮನೆಗಳಲ್ಲಿ ಈ ಆಟಕ್ಕೆ ಗುಲಗಂಜಿ ಬಳಸುವ ರೂಢಿಯಿತ್ತು. ಕೆಂಪು ಮೈ, ಕಪ್ಪು ಮೂತಿಯ ಆ ಬೀಜ ನೋಡಲು ಎಷ್ಟು ಚೆಂದವೋ ಅಗಿದು ನುಂಗಿದರೆ ಅಷ್ಟೇ ಘೋರವಾದ ವಿಷ. ಅಟ್ಟದ ಡಬ್ಬಿಯಲ್ಲಿ ಉಳಿದಿದ್ದರೂ ಹೊರತೆಗೆಯಬೇಡಿ, ಹುಣಸೆಬೀಜವೇ ಸರಿ. ಅಂಬೆಗಾಲಿಡುವ ಕೂಸು ಮನೆಯಲ್ಲಿದ್ದರೆ ಆಟ ಮುಗಿದ ಕೂಡಲೇ ಬೀಜಗಳನ್ನು ಎಣಿಸಿ ಮೇಲೆತ್ತಿಡಿ.

ಮಗ ಸೊಸೆ ಬೇರೆ ಆಟಿಕೆ ಕೊಂಡೇ ಕೊಳ್ಳುವುದಾದರೆ ಐ.ಎಸ್.ಐ. ಗುರುತು ನೋಡಲು ಹೇಳಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಅದು ಕಡ್ಡಾಯವಾಗಿದೆ. ಭೌಗೋಳಿಕ ಸೂಚಿಕೆ (ಜಿ.ಐ., ಅಂದರೆ ಒಂದು ಊರಿನದೇ ವಿಶೇಷ ಉತ್ಪನ್ನವೆಂಬ ಸರ್ಕಾರಿ ಮಾನ್ಯತೆ) ಪಡೆದ ಕರಕುಶಲ ಆಟಿಕೆಗಳಿಗೆ ವಿನಾಯಿತಿ ಇರುವುದರಿಂದ ಚನ್ನಪಟ್ಟಣದ ಗೊಂಬೆಯ ಮೇಲೆ ಆ ಗುರುತು ಕಾಣದಿದ್ದರೆ ಸಂಶಯ ಬೇಡ. ಹಾಡುವ, ಮಿನುಗುವ ಆಟಿಕೆಗಳಲ್ಲಿ ಗುಂಡಿಯಾಕಾರದ ಬ್ಯಾಟರಿ ಇದ್ದರೆ ಅದರ ಮುಚ್ಚಳವನ್ನು ಸ್ಕ್ರೂ ಹಾಕಿ ಬಿಗಿದಿರಬೇಕು. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗೆ ಸುಟ್ಟ ಗಾಯವಾಗಬಲ್ಲದು. ಅಂಥ ಸಮಯದಲ್ಲಿ ಕಾದು ನೋಡದೆ ಆಸ್ಪತ್ರೆಗೆ ಓಡಬೇಕು.

ಹಣ ಉಳಿದರೆ ಇಬ್ಬರಿಗೂ ಒಂದೊಂದು ಸ್ಕಿಪ್ಪಿಂಗ್ ಹಗ್ಗ ಸೇರಿಸಿ. ಹಗ್ಗದ ನಡುವೆ ಕಾಲಿಟ್ಟು ನಿಂತರೆ ಹಿಡಿಗಳು ಮಗುವಿನ ಕಂಕುಳವರೆಗೆ ಬರಬೇಕು, ಅದಕ್ಕಿಂತ ಉದ್ದವಾದರೆ ಕಾಲಿಗೆ ತೊಡರುತ್ತದೆ.

ಮಣೆಗಳನ್ನು ತಾವು ಕೊಳ್ಳಿ, ಬೀಜಗಳನ್ನು ಮಾತ್ರ ಕೊಳ್ಳಬೇಡಿ. ಈಗ ಹುಣಸೆ ಕುಟ್ಟುವ ಕಾಲ. ಮಗಳ ಊರಿನಲ್ಲಿ ಯಾರದಾದರೂ ಅಂಗಳದಲ್ಲಿ ಬೀಜದ ರಾಶಿ ಬಿದ್ದೇ ಇರುತ್ತದೆ. ಗುಳಿಗೆ 5ರಂತೆ ಒಂದು ಮಣೆಗೆ 70, ಎರಡಕ್ಕೆ 140. ತನಗೂ ದಾವಣಗೆರೆಯ ಅಕ್ಕನಿಗೋ ತಂಗಿಗೋ ಸೇರಿಸಿ ಅಷ್ಟನ್ನು ಆರಿಸಿ, ತೊಳೆದು, ಒಣಗಿಸಿ ತರುವ ಕೆಲಸವನ್ನು ಮೊಮ್ಮಗನಿಗೆ ಒಪ್ಪಿಸಿ. ಕಳೆದುಹೋಗುವವನ್ನೂ ಲೆಕ್ಕ ಹಿಡಿದು 150 ತರಲು ಹೇಳಿ.

— ಸಂಪಾದಕ